ಹತ್ತು ವರ್ಷ ತಡವಾಗಿ ಬಂದ ಕಾನೂನು: 2021ರ ಟೆಕ್ಸಸ್ ವಿದ್ಯುತ್ ಕುಸಿತದ ಪ್ರಕರಣ

ಕರೆಂಟ್ ಹೋದ ಕೂಡಲೇ ನಾವು ಮಾಡುವ ಮೊದಲ ಕೆಲಸ ಪಕ್ಕದ ಮನೆ ಕಡೆ ನೋಡುವುದು. ಅವರಿಗೂ ಇಲ್ಲ ಅಂದರೆ ಮನಸ್ಸಿಗೆ ಒಂಥರಾ ಸಮಾಧಾನ. ಲೈನ್ ಹೋಗಿದೆ, ಬರುತ್ತೆ ಬಿಡು ಅಂದುಕೊಳ್ಳುತ್ತೇವೆ. 2021ರ ಫೆಬ್ರವರಿ 15ರ ನಸುಕಿನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದಲ್ಲೂ ಸರದಿ ಪ್ರಕಾರ ಸ್ವಲ್ಪ ಹೊತ್ತು ಕರೆಂಟ್ ತೆಗೆಯುತ್ತೇವೆ ಎಂದೇ ಜನರಿಗೆ ಹೇಳಿದ್ದರು. ಎಷ್ಟೋ ಮನೆಗಳಿಗೆ ಅದು ಮೂರು ದಿನ ಬರಲಿಲ್ಲ. ಹೊರಗೆ ಹಿಮ. ರಾಜ್ಯದ 254 ಕೌಂಟಿಗಳಿಗೂ ಚಳಿಗಾಳಿಯ ಎಚ್ಚರಿಕೆ ಇತ್ತು. ಮರುದಿನ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಮೈನಸ್ 19 ಡಿಗ್ರಿಗೆ ಇಳಿಯಿತು.

45 ಲಕ್ಷಕ್ಕೂ ಹೆಚ್ಚು ಮನೆ ಮತ್ತು ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. ಪೈಪುಗಳು ಹೆಪ್ಪುಗಟ್ಟಿ ಒಡೆದವು. ನೀರು ಕುದಿಸಿಯೇ ಕುಡಿಯಿರಿ ಎಂದು ರಾಜ್ಯದ ಅರ್ಧದಷ್ಟು ಜನರಿಗೆ ಹೇಳಬೇಕಾಯಿತು. ಅಂಗಳದ ಹಿಮವನ್ನು ಪಾತ್ರೆಯಲ್ಲಿ ತುಂಬಿ ತಂದು, ಕರಗಿಸಿ, ಶೌಚಾಲಯಕ್ಕೆ ಸುರಿದವರಿದ್ದಾರೆ. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಸತ್ತವರು 246 ಮಂದಿ. ಹೆಚ್ಚಿನವರು ಸತ್ತಿದ್ದು ಚಳಿಗೆ, ಅದರಲ್ಲೂ ಅನೇಕರು ತಮ್ಮ ಮನೆಯೊಳಗೇ. ಇನ್ನು ಕೆಲವರು ಬೆಚ್ಚಗಾಗಲು ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಕೂತರು, ಇಲ್ಲವೇ ಇದ್ದಿಲ ಒಲೆಯನ್ನು ಒಳಗೆ ತಂದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬಾರದು ಅಂತ ಮಲೆನಾಡಿನ ಹಿರಿಯರು ಹೇಳುತ್ತಾರಲ್ಲ, ಅದೇ ವಿಷಗಾಳಿ.

ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಅಂದರೆ ನಮ್ಮ ಕನ್ನಡದವರು ಬೇಕಾದಷ್ಟು ಜನ ಇರುವ ಊರುಗಳು. ಆ ವಾರ ಫೋನ್ ಚಾರ್ಜ್ ಮಾಡುವುದಕ್ಕೂ ಕಾರಿಗೆ ಹೋಗಿ ಕೂರಬೇಕಿತ್ತು. ಹಾಗಾಗಿ ಇದು ನಮಗೆ ತೀರಾ ದೂರದ ಸುದ್ದಿಯೇನೂ ಅಲ್ಲ. ಆದರೆ ನಾನು ಈ ಪ್ರಕರಣ ಬರೆಯುತ್ತಿರುವುದಕ್ಕೆ ಕಾರಣ ಬೇರೆ. ಏನು ಕೆಡುತ್ತದೆ, ಹೇಗೆ ಸರಿ ಮಾಡಬೇಕು ಎಂಬುದನ್ನು ಹತ್ತು ವರ್ಷ ಮೊದಲೇ ಕಾಗದದ ಮೇಲೆ ಬರೆದು ಕೊಟ್ಟಿದ್ದರು. "ಮಾಡಿದರೆ ಒಳ್ಳೆಯದು" ಅನ್ನುವುದಕ್ಕೂ "ಮಾಡಲೇಬೇಕು" ಅನ್ನುವುದಕ್ಕೂ ನಡುವೆ ಎಷ್ಟು ಜೀವಗಳಿವೆ ಎಂಬುದು ಇಲ್ಲಿ ಕಾಣುತ್ತದೆ.

4 ನಿಮಿಷ 23 ಸೆಕೆಂಡು

ಟೆಕ್ಸಸ್‌ನ ಶೇ 90ರಷ್ಟು ವಿದ್ಯುತ್ ಬೇಡಿಕೆಯನ್ನು ನಿಭಾಯಿಸುವ ಸಂಸ್ಥೆಯ ಹೆಸರು ಎರ್ಕಾಟ್. ಅದು ಕರೆಂಟ್ ಉತ್ಪಾದಿಸುವುದಿಲ್ಲ. ಉತ್ಪಾದನೆ ಮತ್ತು ಬಳಕೆ ಸಮ ಇರುವಂತೆ ನೋಡಿಕೊಳ್ಳುತ್ತದೆ. ನಮ್ಮಲ್ಲಿ ಲೋಡ್ ಡಿಸ್ಪ್ಯಾಚ್ ಸೆಂಟರ್ ಮಾಡುವ ಕೆಲಸ ಅದು.

ಸಮ ಇದೆಯೋ ಇಲ್ಲವೋ ಎಂಬುದನ್ನು ಹೇಳುವುದು ಫ್ರೀಕ್ವೆನ್ಸಿ. ನಮ್ಮಲ್ಲಿ 50 ಹರ್ಟ್ಸ್, ಅಲ್ಲಿ 60. ಲೋಡು ತುಂಬಿದ ಲಾರಿ ಶಿರಾಡಿ ಘಾಟಿ ಹತ್ತುವಾಗ ಇಂಜಿನ್ ಏದುಸಿರು ಬಿಡುತ್ತದೆ ಅಲ್ವಾ, ಹಾಗೆ ಬಳಕೆ ಜಾಸ್ತಿಯಾಗಿ ಉತ್ಪಾದನೆ ಸಾಲದಿದ್ದರೆ ಗ್ರಿಡ್‌ಗೆ ಸೇರಿದ ಎಲ್ಲ ಟರ್ಬೈನುಗಳೂ ಒಟ್ಟಿಗೆ ನಿಧಾನವಾಗುತ್ತವೆ. ತೀರಾ ನಿಧಾನವಾದರೆ ತಮ್ಮನ್ನು ತಾವು ಕಾಪಾಡಿಕೊಳ್ಳಲು ಟ್ರಿಪ್ ಆಗುತ್ತವೆ. ಒಂದು ಬಿದ್ದರೆ ಉಳಿದವುಗಳ ಮೇಲೆ ಭಾರ ಇನ್ನೂ ಹೆಚ್ಚು. ಆಮೇಲೆ ಸಾಲಾಗಿ ಎಲ್ಲವೂ.

ಫೆಬ್ರವರಿ 14ರ ಸಂಜೆ ಬೇಡಿಕೆ 69,222 ಮೆಗಾವ್ಯಾಟ್ ಮುಟ್ಟಿತು. ಚಳಿಗಾಲದಲ್ಲಿ ಅಷ್ಟು ಹಿಂದೆಂದೂ ಆಗಿರಲಿಲ್ಲ. ಚಳಿಗಾಲ ಶುರುವಾಗುವ ಮೊದಲು ಹಾಕಿದ ಲೆಕ್ಕದಲ್ಲಿ ಅತಿ ಕೆಟ್ಟ ಸ್ಥಿತಿಗೆ ಅಂದಾಜಿಸಿದ್ದೇ 67,208. ಆ ರಾತ್ರಿ ಘಟಕಗಳು ಒಂದೊಂದಾಗಿ ನಿಲ್ಲತೊಡಗಿದವು. 1 ಗಂಟೆ 20 ನಿಮಿಷಕ್ಕೆ ಅತಿ ಗಂಭೀರ ಹಂತದ ತುರ್ತು ಸ್ಥಿತಿ ಘೋಷಿಸಿ ಲೋಡ್ ಶೆಡ್ಡಿಂಗ್ ಶುರು ಮಾಡಿದರು. ಆದರೂ ಫ್ರೀಕ್ವೆನ್ಸಿ ಇಳಿಯುತ್ತಲೇ ಹೋಯಿತು. 59.4 ಹರ್ಟ್ಸ್‌ಗಿಂತ ಕೆಳಗೆ 9 ನಿಮಿಷ ಉಳಿದರೆ ಘಟಕಗಳು ತಾವಾಗಿ ಕಳಚಿಕೊಳ್ಳುತ್ತವೆ. ಅಂದು ಅದು 59.302ರವರೆಗೆ ಇಳಿಯಿತು. 59.4ಕ್ಕಿಂತ ಕೆಳಗೆ 4 ನಿಮಿಷ 23 ಸೆಕೆಂಡು ಇತ್ತು.

ಆ ಹೊತ್ತಿನಲ್ಲಿ ಕಂಟ್ರೋಲ್ ರೂಮಿನಲ್ಲಿದ್ದವರ ಮುಂದೆ ಇದ್ದಿದ್ದು ಒಂದೇ ದಾರಿ. ಇನ್ನೂ ಸಾವಿರ, ಇನ್ನೂ ಮೂರು ಸಾವಿರ ಮೆಗಾವ್ಯಾಟ್ ಕತ್ತರಿಸಿ ಎಂದು ವಿತರಣಾ ಕಂಪನಿಗಳಿಗೆ ಹೇಳುತ್ತಾ ಹೋಗುವುದು. ಹೊರಗೆ ಜೀವ ತೆಗೆಯುವ ಚಳಿ, ಮನೆಗಳ ಹೀಟರ್ ಆರುತ್ತದೆ ಎಂದು ಗೊತ್ತಿದ್ದೂ ಹೇಳಬೇಕು. ಹೇಳದಿದ್ದರೆ ಇಡೀ ಗ್ರಿಡ್ ಮಲಗುತ್ತದೆ. ಪೂರ್ತಿ ಸತ್ತ ಗ್ರಿಡ್‌ಗೆ ಮತ್ತೆ ಜೀವ ಕೊಡಲು ವಾರಗಳೇ ಬೇಕು. ಅವರು ಕತ್ತರಿಸಿದರು, ಫ್ರೀಕ್ವೆನ್ಸಿ ಮೇಲೆ ಬಂತು. ಆ ರಾತ್ರಿಯ ಆ ಕೆಲಸಕ್ಕೆ ನನಗೆ ಗೌರವವಿದೆ.

ಅದೇ ದಿನ ಕಡಿತ 20,000 ಮೆಗಾವ್ಯಾಟ್ ತನಕ ಹೋಯಿತು. ಸರದಿ ಪದ್ಧತಿ ಮುರಿದು ಬಿದ್ದಿದ್ದು ಇಲ್ಲೇ. ಒಂದಷ್ಟು ಬೀದಿಗಳಿಗೆ ಕರೆಂಟ್ ಒಯ್ಯುವ ಲೈನಿಗೆ ಫೀಡರ್ ಅನ್ನುತ್ತಾರೆ. ಸರದಿ ನಡೆಸಬೇಕಾದರೆ ಒಂದು ಫೀಡರ್‌ಗೆ ಕರೆಂಟ್ ಕೊಟ್ಟು ಇನ್ನೊಂದರದ್ದು ತೆಗೆಯಬೇಕು. ಆದರೆ ಆಸ್ಪತ್ರೆ, ನೀರಿನ ಪಂಪು ಇರುವ ಫೀಡರ್ ಮುಟ್ಟುವಂತಿಲ್ಲ. ಉಳಿದ ಫೀಡರುಗಳಿಂದಲೇ ಅಷ್ಟೊಂದು ತೆಗೆದಾಗ ಬದಲಾಯಿಸಿ ಕೊಡುವುದಕ್ಕೆ ಏನೂ ಉಳಿಯಲಿಲ್ಲ. ಆಸ್ಪತ್ರೆಯ ಫೀಡರಿನಲ್ಲಿದ್ದ ಬೀದಿಗೆ ದಿನವಿಡೀ ಬೆಳಕು, ಪಕ್ಕದ ಬೀದಿಗೆ ಮೂರು ದಿನ ಕತ್ತಲೆ. ಈ ಲೋಡ್ ಶೆಡ್ಡಿಂಗ್ ಒಟ್ಟು 70 ಗಂಟೆಗೂ ಮೀರಿ ನಡೆಯಿತು.

ಒಂದು ಸಣ್ಣ ಕೊಳವೆ

ಗಾಳಿಯಂತ್ರಗಳು ಹೆಪ್ಪುಗಟ್ಟಿದ್ದರಿಂದ ಹೀಗಾಯಿತು ಎಂಬ ಮಾತು ಆ ವಾರವೇ ಹರಡಿತು. ಗವರ್ನರ್ ಗ್ರೆಗ್ ಅಬಾಟ್ ಕೂಡ ಟಿವಿಯಲ್ಲಿ ಗಾಳಿ ಮತ್ತು ಸೌರ ವಿದ್ಯುತ್ತಿನ ಕಡೆ ಬೆರಳು ತೋರಿಸಿದರು. ಗಾಳಿಯಂತ್ರಗಳು ನಿಂತಿದ್ದು ನಿಜ. ಆದರೆ ಎಲ್ಲ ಬಗೆಯ ಘಟಕಗಳೂ ನಿಂತವು. ಅತಿ ಹೆಚ್ಚು ನಿಂತಿದ್ದು ಗ್ಯಾಸ್ ಘಟಕಗಳು. ಒಂದು ಹಂತದಲ್ಲಿ ರಾಜ್ಯದ ಒಟ್ಟು ಸ್ಥಾಪಿತ ಸಾಮರ್ಥ್ಯದ ಹತ್ತಿರ ಹತ್ತಿರ ಅರ್ಧ, 52,000 ಮೆಗಾವ್ಯಾಟ್‌ಗೂ ಜಾಸ್ತಿ, ಸಿಗದಂತಾಗಿತ್ತು.

ಹೇಗೆ ನಿಲ್ಲುತ್ತವೆ ಎಂಬುದನ್ನು ಒಂದು ಘಟಕದಲ್ಲಿ ಹತ್ತಿರದಿಂದ ನೋಡೋಣ. ಬೇ ಸಿಟಿ ಎಂಬ ಊರಿನ ಬಳಿ ಸೌತ್ ಟೆಕ್ಸಸ್ ಪ್ರಾಜೆಕ್ಟ್ ಎಂಬ ಅಣುಸ್ಥಾವರವಿದೆ. ಅದರ ಒಂದೊಂದು ಘಟಕವೂ ಸುಮಾರು 1,300 ಮೆಗಾವ್ಯಾಟ್‌ನದು. ಫೆಬ್ರವರಿ 15ರ ಬೆಳಗಿನ ಜಾವ ಮೊದಲ ಘಟಕ ನಿಂತಿತು. ರಿಯಾಕ್ಟರಿಗೆ ಏನೂ ಆಗಿರಲಿಲ್ಲ. ಸ್ಟೀಮ್ ಜನರೇಟರಿಗೆ ನೀರು ಕಳಿಸುವ ಪಂಪಿನ ಒತ್ತಡ ಅಳೆಯಲು ಒಂದು ಸಣ್ಣ ಕೊಳವೆ ಇರುತ್ತದೆ. ಅದರೊಳಗಿನ ನೀರು ಹರಿಯುವುದಿಲ್ಲ, ಸುಮ್ನೆ ನಿಂತಿರುತ್ತದೆ. ನಿಂತ ನೀರು ಬೇಗ ಗಟ್ಟಿಯಾಗುತ್ತದೆ. ಆಯಿತು. ಮಾಪಕಕ್ಕೆ ತಪ್ಪು ಸಂದೇಶ ಹೋಯಿತು, ಪಂಪ್ ನಿಂತಿತು, ನೀರಿನ ಮಟ್ಟ ಇಳಿಯಿತು, ರಿಯಾಕ್ಟರ್ ತಾನಾಗಿ ಬಂದ್ ಆಯಿತು. ಆ ಕೊಳವೆಗೆ ಒಂದು ಬಿಸಿ ತಂತಿ ಸುತ್ತಿ, ಮೇಲೊಂದು ಹೊದಿಕೆ ಹಾಕಿ, ಗಾಳಿ ಬಡಿಯದಂತೆ ಮರೆ ಕಟ್ಟಿದ್ದರೆ ಸಾಕಿತ್ತು.

ಟೆಕ್ಸಸ್‌ನ ಬಿಸಿಲಿಗೆ ತಕ್ಕಂತೆ ಅಲ್ಲಿನ ಎಷ್ಟೋ ಸ್ಥಾವರಗಳನ್ನು ಗೋಡೆಯಿಲ್ಲದೆ ಬಯಲಿನಲ್ಲೇ ಕಟ್ಟುತ್ತಾರೆ. ಬೇಸಿಗೆಗೆ ಅದು ಸರಿಯಾದ ಲೆಕ್ಕ. ಚಳಿಗೆ ಮಾತ್ರ ಪ್ರತಿ ಕೊಳವೆ, ಪ್ರತಿ ಕವಾಟವೂ ಒಂದೊಂದು ದುರ್ಬಲ ಜಾಗ.

ಕೇಂದ್ರದ ಇಂಧನ ನಿಯಂತ್ರಣ ಆಯೋಗವೂ ಗ್ರಿಡ್ ಸುರಕ್ಷತೆ ನೋಡಿಕೊಳ್ಳುವ ನರ್ಕ್ ಸಂಸ್ಥೆಯೂ ಸೇರಿ ತನಿಖೆ ಮಾಡಿ 2021ರ ನವೆಂಬರಿನಲ್ಲಿ ವರದಿ ಕೊಟ್ಟವು. ಟೆಕ್ಸಸ್ ಮತ್ತು ಅಕ್ಕಪಕ್ಕದ ಗ್ರಿಡ್‌ಗಳು ಸೇರಿ 1,045 ಘಟಕಗಳು ಕೈಕೊಟ್ಟಿದ್ದವು. ಶೇ 44ರಷ್ಟು ವೈಫಲ್ಯಕ್ಕೆ ಹೆಪ್ಪುಗಟ್ಟಿದ್ದೇ ಕಾರಣ, ಶೇ 31ಕ್ಕೆ ಇಂಧನದ ತೊಂದರೆ. ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಅಂಕಿ ಇನ್ನೊಂದು. ಹೆಪ್ಪುಗಟ್ಟಿ ನಿಂತ ಪ್ರಕರಣಗಳಲ್ಲಿ ಶೇ 81ರಷ್ಟು ಆಗಿದ್ದು, ಇಷ್ಟು ಚಳಿ ತಡೆಯುತ್ತೇವೆ ಎಂದು ಆ ಘಟಕದವರೇ ಬರೆದುಕೊಟ್ಟ ಉಷ್ಣಾಂಶಕ್ಕಿಂತ ಬೆಚ್ಚಗಿದ್ದಾಗ. ಅಂದರೆ ಕಾಗದದ ಮೇಲೆ ತಡೆಯಬೇಕಿದ್ದ ಚಳಿಗೇ ಅವು ಬಿದ್ದವು.

ಗ್ಯಾಸಿಗೆ ಕರೆಂಟ್ ಬೇಕು, ಕರೆಂಟಿಗೆ ಗ್ಯಾಸ್ ಬೇಕು

ಇಂಧನದ ತೊಂದರೆ ಅಂದೆನಲ್ಲ, ಪ್ರಕರಣದ ತಿರುಳು ಅಲ್ಲಿದೆ.

ಪಶ್ಚಿಮ ಟೆಕ್ಸಸ್‌ನ ಪರ್ಮಿಯನ್ ಪ್ರದೇಶದ ಬಾವಿಗಳಿಂದ ಬರುವ ಗ್ಯಾಸಿನ ಜೊತೆ ನೀರೂ ಬರುತ್ತದೆ. ಅದು ಬಾವಿಯ ಬಾಯಲ್ಲೇ ಹೆಪ್ಪುಗಟ್ಟುತ್ತದೆ. ಇದು ಒಂದು. ಎರಡನೆಯದು, ಗ್ಯಾಸನ್ನು ಶುದ್ಧ ಮಾಡುವ, ಪೈಪಿನಲ್ಲಿ ತಳ್ಳುವ ಎಷ್ಟೋ ಯಂತ್ರಗಳು ಈಗ ಕರೆಂಟಿನಲ್ಲೇ ಓಡುತ್ತವೆ. ಇಂಥ ಜಾಗಕ್ಕೆ ಕರೆಂಟ್ ತೆಗೆಯಬೇಡಿ ಎಂದು ವಿತರಣಾ ಕಂಪನಿಗೆ ಮೊದಲೇ ಒಂದು ಅರ್ಜಿ ಕೊಟ್ಟು ಹೆಸರು ಬರೆಸಬೇಕಿತ್ತು. ಬಹಳಷ್ಟು ಗ್ಯಾಸ್ ಕಂಪನಿಗಳು ಬರೆಸಿರಲಿಲ್ಲ. ಲೋಡ್ ಶೆಡ್ಡಿಂಗ್ ಮಾಡುವವರಿಗೆ ಅದು ಒಂದು ಸಾಮಾನ್ಯ ಫೀಡರ್ ಅಷ್ಟೇ. ತೆಗೆದರು. ಗ್ಯಾಸ್ ನಿಂತಿತು. ಗ್ಯಾಸ್ ನಿಂತಿದ್ದಕ್ಕೆ ವಿದ್ಯುತ್ ಘಟಕ ನಿಂತಿತು. ಅದಕ್ಕೆ ಇನ್ನಷ್ಟು ಲೋಡ್ ಶೆಡ್ಡಿಂಗ್, ಅದರಿಂದ ಇನ್ನಷ್ಟು ಗ್ಯಾಸ್ ಬಂದ್.

ಒಂದು ಅರ್ಜಿ ಸಲ್ಲಿಸದೇ ಇದ್ದಿದ್ದು ಇಷ್ಟು ದೊಡ್ಡ ಸುಳಿಗೆ ಕಾರಣವಾಯಿತು ಎಂದು ಓದಿದಾಗ ನನಗೆ ಸಿಟ್ಟು ಬಂದಿದ್ದು ಯಾರೋ ಒಬ್ಬ ಗುಮಾಸ್ತನ ಮೇಲಲ್ಲ. ವಿದ್ಯುತ್ತನ್ನು ನೋಡಿಕೊಳ್ಳುವುದು ಪಬ್ಲಿಕ್ ಯುಟಿಲಿಟಿ ಕಮಿಷನ್. ತೈಲ ಮತ್ತು ಗ್ಯಾಸನ್ನು ನೋಡಿಕೊಳ್ಳುವುದು ರೈಲ್‌ರೋಡ್ ಕಮಿಷನ್. ಹೆಸರು ಹಳೆಯ ಕಾಲದ್ದು, ಈಗ ಅದಕ್ಕೂ ರೈಲಿಗೂ ಸಂಬಂಧವಿಲ್ಲ. ಗ್ಯಾಸ್ ಮತ್ತು ಕರೆಂಟ್ ಒಂದನ್ನೊಂದು ಹಿಡಿದುಕೊಂಡು ನಿಂತಿರುವಾಗ, ಎರಡನ್ನೂ ಒಟ್ಟಿಗೆ ನೋಡುವ ಕಣ್ಣು ಸರ್ಕಾರದಲ್ಲಿ ಎಲ್ಲೂ ಇರಲಿಲ್ಲ. ಯಾವ ಗ್ಯಾಸ್ ಬಾವಿ ಯಾವ ವಿದ್ಯುತ್ ಘಟಕಕ್ಕೆ ಉಣಿಸುತ್ತದೆ ಎಂಬ ನಕ್ಷೆಯೇ ಇರಲಿಲ್ಲ.

ಗೊತ್ತಿತ್ತು

1989ರ ಡಿಸೆಂಬರಿನಲ್ಲಿ ಟೆಕ್ಸಸ್‌ನಲ್ಲಿ ಇಂಥದ್ದೇ ಚಳಿ ಬಂದು ಘಟಕಗಳು ನಿಂತಿದ್ದವು. 2011ರ ಫೆಬ್ರವರಿ ಮೊದಲ ವಾರ ಮತ್ತೆ ಬಂತು. ಆಗ 4,000 ಮೆಗಾವ್ಯಾಟ್ ಲೋಡ್ ಶೆಡ್ಡಿಂಗ್ ಆಯಿತು, 32 ಲಕ್ಷ ಗ್ರಾಹಕರಿಗೆ ತೊಂದರೆಯಾಯಿತು. 2011ರ ಆಗಸ್ಟಿನಲ್ಲಿ ಬಂದ ತನಿಖಾ ವರದಿ ಎಲ್ಲವನ್ನೂ ಬಿಡಿಸಿ ಹೇಳಿತ್ತು. ಕೊಳವೆಗಳಿಗೆ ಬಿಸಿ ತಂತಿ ಸುತ್ತಿ, ಹೊದಿಕೆ ಹಾಕಿ, ಗಾಳಿಮರೆ ಕಟ್ಟಿ, ಚಳಿಗಾಲಕ್ಕೆ ಮೊದಲು ಪರೀಕ್ಷಿಸಿ. 1989ರಲ್ಲಿ ನಿಂತಿದ್ದ ಕೆಲವು ಘಟಕಗಳೇ 2011ರಲ್ಲೂ ನಿಂತವು ಎಂದೂ ಬರೆದಿತ್ತು.

ರಾಜ್ಯ ಆಗ ಮಾಡಿದ್ದೇನೆಂದರೆ, ಚಳಿಗೆ ಏನು ತಯಾರಿ ಮಾಡಿದ್ದೀರಿ ಎಂದು ಒಂದು ವರದಿ ಕೊಡಿ ಎಂದು ಕಂಪನಿಗಳನ್ನು ಕೇಳಿತು. ತಯಾರಿ ಮಾಡಲೇಬೇಕು ಎನ್ನಲಿಲ್ಲ. ಮಾಡದಿದ್ದರೆ ದಂಡ ಎನ್ನಲಿಲ್ಲ. ಹತ್ತು ವರ್ಷಕ್ಕೊಮ್ಮೆ ಬರುವ ಚಳಿಗೆ ಕೈಯಿಂದ ದುಡ್ಡು ಹಾಕಿದ ಕಂಪನಿ, ಹಾಕದ ಕಂಪನಿಯ ಎದುರು ದರದಲ್ಲಿ ಸೋಲುತ್ತದೆ. ಹಾಗಿರುವಾಗ ಯಾರು ಹಾಕುತ್ತಾರೆ?

ಆದರೆ ಅದೇ ರಾಜ್ಯದ ಪಶ್ಚಿಮ ತುದಿಯ ಎಲ್ ಪಾಸೋ ನಗರ ಬೇರೆ ದಾರಿ ಹಿಡಿಯಿತು. ಅದು ಎರ್ಕಾಟ್ ಗ್ರಿಡ್‌ಗೆ ಸೇರಿಲ್ಲ, ಪಶ್ಚಿಮ ಅಮೆರಿಕದ ಗ್ರಿಡ್‌ಗೆ ಸೇರಿದೆ. 2011ರಲ್ಲಿ ಅಲ್ಲೂ ಕತ್ತಲೆಯಾಗಿತ್ತು. ಅಲ್ಲಿನ ಕಂಪನಿ ಅದಾದ ಮೇಲೆ ಕಡು ಚಳಿಗೆ ತಡೆಯುವ, ಗ್ಯಾಸ್ ಇಲ್ಲದಿದ್ದರೆ ಎಣ್ಣೆಯಲ್ಲೂ ಓಡುವ ಹೊಸ ಘಟಕ ಕಟ್ಟಿತು. 2021ರಲ್ಲಿ ಎಲ್ ಪಾಸೋದಲ್ಲಿ ಕರೆಂಟ್ ಹೋಗಿದ್ದು ಸುಮಾರು 3,000 ಗ್ರಾಹಕರಿಗೆ, ಅದೂ ಸ್ವಲ್ಪ ಹೊತ್ತು. ಇದು ಆಗುವ ಕೆಲಸವೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಒಂಟಿ ಗ್ರಿಡ್ ಮತ್ತು ನಮ್ಮ ರಾಯಚೂರು

ಅಮೆರಿಕದಲ್ಲಿ 1935ರ ಕಾನೂನಿನ ಪ್ರಕಾರ ರಾಜ್ಯದ ಗಡಿ ದಾಟಿದ ವಿದ್ಯುತ್ತಿಗೆ ಕೇಂದ್ರದ ನಿಯಂತ್ರಣ ಅನ್ವಯಿಸುತ್ತದೆ. ಆ ನಿಯಂತ್ರಣ ಬೇಡವೆಂದು ಟೆಕ್ಸಸ್ ಕಂಪನಿಗಳು ಗಡಿಯೊಳಗೇ ಉಳಿದವು. ಇಂದಿಗೂ ಅಕ್ಕಪಕ್ಕದವರ ಜೊತೆ ಟೆಕ್ಸಸ್ ಗ್ರಿಡ್‌ಗಿರುವುದು ಕೆಲವು ಡಿಸಿ ಕೊಂಡಿಗಳು ಮಾತ್ರ. ಅಂದರೆ ಕರೆಂಟ್ ಅಳತೆ ಮಾಡಿ ದಾಟಿಸುವ, ಆದರೆ ಎರಡು ಗ್ರಿಡ್‌ಗಳ ಫ್ರೀಕ್ವೆನ್ಸಿಯನ್ನು ಬೇರೆಬೇರೆಯಾಗಿಯೇ ಇಡುವ ಲೈನುಗಳು. ಎಲ್ಲ ಸೇರಿ ಸುಮಾರು 1,200 ಮೆಗಾವ್ಯಾಟ್. 20,000 ಕೊರತೆ ಇರುವಾಗ 1,200 ಎಲ್ಲಿಗೆ ಸಾಕು?

ಕನ್ನಡ ಓದುಗರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಯಾಕೆಂದರೆ ನಾವೂ ಒಂದು ಕಾಲದಲ್ಲಿ ಹಾಗೇ ಇದ್ದೆವು. ದಕ್ಷಿಣ ಭಾರತದ ಗ್ರಿಡ್ ಉಳಿದ ದೇಶದ ಜೊತೆ ಡಿಸಿ ಕೊಂಡಿಯಲ್ಲಷ್ಟೇ ಸೇರಿತ್ತು. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಒಟ್ಟಿಗೆ ಬಿದ್ದಾಗ ದಕ್ಷಿಣ ಉಳಿದುಕೊಂಡಿತು. ಒಂಟಿಯಾಗಿರುವುದರಿಂದ ಆಗುವ ಲಾಭ ಅದು. ಹಾಗಿದ್ದೂ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನ ಮೂಲಕ ನಾವು ರಾಷ್ಟ್ರೀಯ ಗ್ರಿಡ್‌ಗೆ ಸೇರಿದೆವು. ಬೀಳುವ ಭಯಕ್ಕಿಂತ ಹಂಚಿಕೊಳ್ಳುವ ಅನುಕೂಲ ದೊಡ್ಡದು ಎಂದು ದೇಶ ತೀರ್ಮಾನಿಸಿತು.

ಟೆಕ್ಸಸ್‌ಗೆ ದೊಡ್ಡ ಕೊಂಡಿ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆ ವಾರ ಪಕ್ಕದ ಗ್ರಿಡ್‌ಗಳಲ್ಲೂ ಲೋಡ್ ಶೆಡ್ಡಿಂಗ್ ಇತ್ತು. ಆದರೆ ಅವು ಪೂರ್ವದ ಕಡೆಯಿಂದ ಸಾವಿರಾರು ಮೆಗಾವ್ಯಾಟ್ ತರಿಸಿಕೊಂಡವು. ಅವುಗಳ ಕಡಿತ ಗಂಟೆಗಳಲ್ಲಿ ಮುಗಿಯಿತು, ಟೆಕ್ಸಸ್‌ನದು ದಿನಗಟ್ಟಲೆ ನಡೆಯಿತು.

ಯೂನಿಟ್‌ಗೆ 9 ಡಾಲರ್

ಟೆಕ್ಸಸ್ ಮಾರುಕಟ್ಟೆಯಲ್ಲಿ ಉತ್ಪಾದಕರಿಗೆ ದುಡ್ಡು ಬರುವುದು ಮಾರಿದ ಕರೆಂಟಿಗೆ ಮಾತ್ರ. ಸಿದ್ಧವಾಗಿ ನಿಂತಿದ್ದಕ್ಕೆ ಕೊಡುವುದಿಲ್ಲ. ಬದಲಿಗೆ ಕೊರತೆಯ ಹೊತ್ತಿನಲ್ಲಿ ದರ ಮೆಗಾವ್ಯಾಟ್ ಗಂಟೆಗೆ, ಅಂದರೆ ಸಾವಿರ ಯೂನಿಟ್‌ಗೆ, 9,000 ಡಾಲರ್ ತನಕ ಏರಲು ಬಿಟ್ಟಿದ್ದರು. ಆ ಆಸೆಗೆ ಕಂಪನಿಗಳು ತಯಾರಾಗಿರುತ್ತವೆ ಎಂಬ ಲೆಕ್ಕ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಯೂನಿಟ್‌ಗೆ 9 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 650 ರೂಪಾಯಿ. ಫೆಬ್ರವರಿ 15ರಂದು ಪಬ್ಲಿಕ್ ಯುಟಿಲಿಟಿ ಕಮಿಷನ್ ಆದೇಶ ಹೊರಡಿಸಿ ದರವನ್ನು ಆ ಮಿತಿಯಲ್ಲೇ ನಿಲ್ಲಿಸಿತು. ಹೆಪ್ಪುಗಟ್ಟಿದ ಕೊಳವೆಯನ್ನು ಯಾವ ದರವೂ ಕರಗಿಸಲಿಲ್ಲ. ಲೋಡ್ ಶೆಡ್ಡಿಂಗ್ ನಿಂತ ಮೇಲೂ ದರ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಅಲ್ಲೇ ಇತ್ತು. ಇದರಿಂದ 1,600 ಕೋಟಿ ಡಾಲರ್ ಹೆಚ್ಚುವರಿ ಬಿಲ್ ಆಯಿತು ಎಂದು ಮಾರುಕಟ್ಟೆಯ ಸ್ವತಂತ್ರ ಪರಿಶೀಲಕರು ಹೇಳಿದರು. ಕಮಿಷನ್ ಆ ದರವನ್ನು ಹಿಂದಕ್ಕೆ ಹೋಗಿ ಬದಲಾಯಿಸಲು ಒಪ್ಪಲಿಲ್ಲ. 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಕಮಿಷನ್ನಿನ ಆ ಆದೇಶ ಕಾನೂನುಬದ್ಧವೆಂದಿತು.

ಬ್ರೇಜೋಸ್ ಎಂಬ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಮಾರ್ಚ್ 1ರಂದು ದಿವಾಳಿ ಅರ್ಜಿ ಹಾಕಿತು. ಸಗಟು ದರದಲ್ಲೇ ಮನೆಗಳಿಗೆ ಕೊಡುತ್ತಿದ್ದ ಗ್ರಿಡ್ಡಿ ಎಂಬ ಕಂಪನಿಯ ಗ್ರಾಹಕರಿಗೆ ಸಾವಿರಾರು ಡಾಲರ್ ಬಿಲ್ ಬಂತು, ಕಂಪನಿಯೂ ಮುಳುಗಿತು. ಉಳಿದ ಸಾಲವನ್ನು ಬಾಂಡ್ ಮಾಡಿ ಗ್ರಾಹಕರ ತಿಂಗಳ ಬಿಲ್ಲಿಗೆ ಸೇರಿಸುವ ಕಾನೂನುಗಳು ಬಂದವು. ಆ ಐದು ದಿನದ ದುಡ್ಡನ್ನು ಜನ ಇನ್ನೂ ಎಷ್ಟೋ ವರ್ಷ ಕಟ್ಟುತ್ತಾರೆ.

ಕಾನೂನು ಬಂತು

2021ರ ಜೂನ್ 8ರಂದು ಗವರ್ನರ್ ಸೆನೆಟ್ ಬಿಲ್ 2 ಮತ್ತು ಸೆನೆಟ್ ಬಿಲ್ 3ಕ್ಕೆ ಸಹಿ ಹಾಕಿದರು. ಅಷ್ಟರಲ್ಲಿ ಎರ್ಕಾಟ್ ಮುಖ್ಯಸ್ಥ ಬಿಲ್ ಮ್ಯಾಗ್ನೆಸ್ ಅವರನ್ನು ತೆಗೆದಾಗಿತ್ತು, ಕಮಿಷನ್ನಿನ ಮೂವರು ಸದಸ್ಯರೂ ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟಿದ್ದರು. ಮೊದಲ ಕಾನೂನು ಎರ್ಕಾಟ್ ಮಂಡಳಿಯನ್ನು ಬದಲಾಯಿಸಿತು. ಸದಸ್ಯರು ಟೆಕ್ಸಸ್‌ನವರೇ ಆಗಿರಬೇಕು ಎಂದಿತು. ಅದು ಜನರ ಸಿಟ್ಟಿಗೆ ಸಿಕ್ಕ ಉತ್ತರ. ನನ್ನ ಲೆಕ್ಕದಲ್ಲಿ ತೂಕ ಇರುವುದು ಎರಡನೆಯದಕ್ಕೆ.

ವಿದ್ಯುತ್ ಘಟಕಗಳು ಚಳಿಗೆ ತಯಾರಿರುವುದು ಈಗ ಕಡ್ಡಾಯ. ತಪ್ಪಿದರೆ ದಿನಕ್ಕೆ 10 ಲಕ್ಷ ಡಾಲರ್ ತನಕ ದಂಡ. ಕಮಿಷನ್ ಮೊದಲು ಹೊರಡಿಸಿದ ನಿಯಮದ ಸಾರ ಏನು ಗೊತ್ತಾ? 2011ರ ವರದಿಯಲ್ಲಿ ಹೇಳಿದ್ದನ್ನು ಡಿಸೆಂಬರ್ 1ರೊಳಗೆ ಮಾಡಿ ಎಂದು. ಅದೇ ಬಿಸಿ ತಂತಿ, ಅದೇ ಹೊದಿಕೆ, ಅದೇ ಗಾಳಿಮರೆ. ಆ ಡಿಸೆಂಬರಿನಲ್ಲಿ ಎರ್ಕಾಟ್‌ನವರು 300ಕ್ಕೂ ಹೆಚ್ಚು ಘಟಕಗಳಿಗೆ ಖುದ್ದು ಹೋಗಿ ನೋಡಿದರು. ದರದ ಮಿತಿ 9,000ದಿಂದ 5,000 ಡಾಲರಿಗೆ ಇಳಿಯಿತು. ಸ್ಥಾವರದಲ್ಲೇ ಎಣ್ಣೆ ಸಂಗ್ರಹಿಸಿಡುವ ಘಟಕಗಳಿಗೆ ಪ್ರತ್ಯೇಕ ದುಡ್ಡು ಕೊಡುವ ಏರ್ಪಾಡಾಯಿತು.

ಗ್ಯಾಸಿನ ಕಡೆ ಹಾಗಾಗಲಿಲ್ಲ. ಮೊದಲು ನಕ್ಷೆ ಮಾಡಬೇಕು, ನಕ್ಷೆಯಲ್ಲಿ ಇರುವವರಿಗೆ ಮಾತ್ರ ನಿಯಮ ಎಂದು ಕಾನೂನು ಹೇಳಿತು. ನಕ್ಷೆ ಮುಗಿದಿದ್ದು 2022ರ ಏಪ್ರಿಲಿನಲ್ಲಿ, ಗ್ಯಾಸ್ ನಿಯಮ ಬಂದಿದ್ದು ಆಗಸ್ಟಿನಲ್ಲಿ. ಅಂದರೆ ದುರಂತದ ನಂತರದ ಮೊದಲ ಚಳಿಗಾಲ ಗ್ಯಾಸ್ ಬಾವಿಗಳಿಗೆ ಚಳಿಗೆ ತಯಾರಾಗಬೇಕೆಂಬ ಯಾವ ನಿಯಮವೂ ಇಲ್ಲದೆ ಕಳೆಯಿತು. ನಡುವೆ ರೈಲ್‌ರೋಡ್ ಕಮಿಷನ್ ತಂದ ಕರಡಿನಲ್ಲಿ, 150 ಡಾಲರ್ ಕಟ್ಟಿ ಅರ್ಜಿ ಕೊಟ್ಟರೆ ವಿನಾಯಿತಿ ಪಡೆಯುವ ದಾರಿ ಇತ್ತು. ಶಾಸಕರು ಬಹಿರಂಗ ಸಭೆಯಲ್ಲಿ ತರಾಟೆಗೆ ತೆಗೆದುಕೊಂಡ ಮೇಲೆ ಅದನ್ನು ಬಿಗಿ ಮಾಡಿದರು. ಅತಿ ಹೆಚ್ಚು ಕೈಕೊಟ್ಟ ಕೊಂಡಿಗೆ ಅತಿ ಹೆಚ್ಚು ಸಮಯ ಸಿಕ್ಕಿತು. ಇದನ್ನು ಎಷ್ಟು ಸಲ ಯೋಚಿಸಿದರೂ ನನಗೆ ಒಪ್ಪಿಕೊಳ್ಳಲು ಆಗುವುದಿಲ್ಲ.

2023ರ ನವೆಂಬರಿನಲ್ಲಿ ಮತದಾರರು ಟೆಕ್ಸಸ್ ಎನರ್ಜಿ ಫಂಡ್‌ಗೆ ಒಪ್ಪಿಗೆ ಕೊಟ್ಟರು. ಹೊಸ ಗ್ಯಾಸ್ ಘಟಕಗಳಿಗೆ ಶೇ 3ರ ಬಡ್ಡಿಯಲ್ಲಿ ಸಾಲ ಕೊಡುವ ನಿಧಿ ಅದು. ಘಟಕ ಹೊಸದಾದರೂ ಗ್ಯಾಸ್ ಬರುವುದು ಅದೇ ಬಾವಿಗಳಿಂದ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಪರೀಕ್ಷೆ

2022ರ ಡಿಸೆಂಬರಿನಲ್ಲಿ ಎಲಿಯಟ್ ಎಂಬ ಚಳಿಗಾಳಿ ಬಂತು. ಬೇಡಿಕೆಯ ಅಂದಾಜು ಮತ್ತೆ ತಪ್ಪಿತು, ಗ್ಯಾಸ್ ಉತ್ಪಾದನೆ ಮತ್ತೆ ಕುಸಿಯಿತು. ಆದರೆ ಟೆಕ್ಸಸ್‌ನಲ್ಲಿ ಲೋಡ್ ಶೆಡ್ಡಿಂಗ್ ಮಾಡಬೇಕಾಗಿ ಬರಲಿಲ್ಲ. ಅದೇ ಗಾಳಿಗೆ ಟೆನೆಸ್ಸಿ ಕಣಿವೆಯ ವಿದ್ಯುತ್ ಸಂಸ್ಥೆ ತನ್ನ ಇತಿಹಾಸದಲ್ಲೇ ಮೊದಲ ಸಲ ಸರದಿ ಕಡಿತ ಮಾಡಿತು. 2024ರ ಜನವರಿ 16ರಂದು ಟೆಕ್ಸಸ್ ಬೇಡಿಕೆ 78,349 ಮೆಗಾವ್ಯಾಟ್ ಮುಟ್ಟಿತು, ಆಗಲೂ ಗ್ರಿಡ್ ಬೀಳದೆ ತಡೆದುಕೊಂಡಿತು. ಕಡ್ಡಾಯ ಮಾಡಿದ ಬಿಸಿ ತಂತಿಗಳು ಕೆಲಸ ಮಾಡಿದವು ಎಂದು ಧೈರ್ಯವಾಗಿ ಹೇಳಬಹುದು. ಗ್ರಿಡ್‌ಗೆ ಜೋಡಿಸಿದ ದೊಡ್ಡ ಬ್ಯಾಟರಿಗಳೂ ಜೊತೆಗೂಡಿದವು. 2021ರಲ್ಲಿ ಲೆಕ್ಕಕ್ಕೇ ಇಲ್ಲದಷ್ಟಿದ್ದ ಅವು 2025ರ ಹೊತ್ತಿಗೆ 10,000 ಮೆಗಾವ್ಯಾಟ್ ಮೀರಿದವು. ಆದರೆ ಈ ಎರಡೂ ಚಳಿಗಳು 2021ರಷ್ಟು ದಿನ ಕಾಡಲಿಲ್ಲ. ಕೆಲವೇ ಗಂಟೆ ಓಡುವ ಬ್ಯಾಟರಿ ನಾಲ್ಕು ದಿನದ ಚಳಿಗೆ ಉತ್ತರವಲ್ಲ.

ಕಾನೂನು ಮುಟ್ಟದೇ ಬಿಟ್ಟ ಜಾಗ ಮನೆ. ಟೆಕ್ಸಸ್‌ನ ಶೇ 60ರಷ್ಟು ಮನೆಗಳು ಬೆಚ್ಚಗಾಗುವುದು ಕರೆಂಟಿನಿಂದ. ಹಳೆಯ ಮನೆಗಳ ಗೋಡೆ, ಕಿಟಕಿ ಬೇಸಿಗೆಗೆ ತಕ್ಕಂತೆ ಕಟ್ಟಿದ್ದು, ಬಿಸಿ ಸೋರಿಹೋಗುತ್ತದೆ. ಕಡು ಚಳಿಯಲ್ಲಿ ಹೀಟರಿನ ಒಳಗೆ ಇಸ್ತ್ರಿ ಪೆಟ್ಟಿಗೆಯಂಥ ಕಾಯಿಲ್‌ಗಳು ಹೊತ್ತಿಕೊಳ್ಳುತ್ತವೆ, ಅವು ಕರೆಂಟ್ ಕುಡಿಯುತ್ತವೆ. ಫೆಬ್ರವರಿ 14ರ ರಾತ್ರಿ ಬೇಡಿಕೆ ಯಾಕೆ ಹಾಗೆ ಏರಿತು ಎಂದರೆ ಇದಕ್ಕೇ. ಬಡವರ ಮನೆಗಳಿಗೆ ಹೊದಿಕೆ ಹಾಕಿಸಿಕೊಡಲು ಸಾವಿರಾರು ಕೋಟಿಯ ಹೊಸ ಘಟಕ ಬೇಕಿಲ್ಲ. ಕರೆಂಟ್ ಹೋದರೂ ಆ ಮನೆ ಒಂದು ರಾತ್ರಿ ಬೆಚ್ಚಗಿರುತ್ತದೆ. ಸತ್ತವರಲ್ಲಿ ಅನೇಕರಿಗೆ ಬೇಕಿದ್ದಿದ್ದು ಆ ಒಂದು ರಾತ್ರಿ.

2021ರಲ್ಲಿ ಯಾರ ಕರೆಂಟನ್ನೂ ತೆಗೆಯದೇ ಇದ್ದಿದ್ದರೆ ಬೇಡಿಕೆ 76,819 ಮೆಗಾವ್ಯಾಟ್ ಆಗುತ್ತಿತ್ತು ಎಂದು ಎರ್ಕಾಟ್ ಆಮೇಲೆ ಲೆಕ್ಕ ಹಾಕಿತ್ತು. 2025ರ ಫೆಬ್ರವರಿ 20ರ ಬೆಳಿಗ್ಗೆ, ಅಷ್ಟೇನೂ ಸುದ್ದಿಯಾಗದ ಒಂದು ಚಳಿಯಲ್ಲಿ, ಬೇಡಿಕೆ 80,525 ಮುಟ್ಟಿತು. ಅಪಾರ ಕರೆಂಟ್ ಬೇಡುವ ಡೇಟಾ ಸೆಂಟರುಗಳು ಇನ್ನೂ ಬರುತ್ತಿವೆ. ಆ ವರ್ಷ ಜೂನಿನಲ್ಲಿ ಬಂದ ಸೆನೆಟ್ ಬಿಲ್ 6ರ ಪ್ರಕಾರ, 75 ಮೆಗಾವ್ಯಾಟ್ ಅಥವಾ ಅದಕ್ಕೂ ಹೆಚ್ಚು ಬಳಸುವ ಹೊಸ ಗ್ರಾಹಕರನ್ನು ತುರ್ತು ಹೊತ್ತಿನಲ್ಲಿ ಕಳಚುವ ವ್ಯವಸ್ಥೆ ಮೊದಲೇ ಇರಬೇಕು. ಮನೆಗಳ ಫೀಡರ್ ಮುಟ್ಟುವ ಮೊದಲು ಅವರದ್ದನ್ನು ತೆಗೆಯಬಹುದು.